ಕುಂಡದಡಿ ತಟ್ಟೆ ಬೇಡ, ಬಾಲ್ದಿಗೆ ತೂತು ಕೊರೆಯಿರಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ, ಮೇ ರಜೆಗೆ ಊರಿಗೆ ಹೊರಡುವವರಿಗೆ ಅಂತ ಒಂದು ಪುಟ್ಟ ಬರಹ ಇತ್ತು. ಗ್ಯಾಸ್ ಬಂದ್ ಮಾಡಿ, ಫ್ರಿಜ್ ಖಾಲಿ ಮಾಡಿ, ಎಲ್ಲ ಸರಿ. ಕೊನೆಗೆ ಒಂದು ಸಾಲು: ಹೂಕುಂಡದ ಅಡಿಯಲ್ಲಿ ಅಗಲದ ತಟ್ಟೆ ಇಟ್ಟು ನೀರು ತುಂಬಿಸಿ ಹೋಗಿ, ಗಿಡ ಬಾಡುವುದಿಲ್ಲ. ಇದನ್ನು ಓದಿ ಚಹಾದ ಲೋಟ ಕೆಳಗಿಟ್ಟೆ. ಇದೇ ಕೆಲಸ ಮಾಡಿ ಸಿಕ್ಕಿಬಿದ್ದವನು ನಾನು.

ನಾನಿರುವುದು ಭಾಂಡುಪ್ ಪಶ್ಚಿಮದಲ್ಲಿ. ಮೂವತ್ತೆಂಟು ವರ್ಷ ಮಾಟುಂಗಾದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು, ಈಗ ಮನೆಯಲ್ಲಿ ಕೂತಿದ್ದೇನೆ. ಮೂರನೇ ಮಾಳಿಗೆ, ಕಿಟಕಿಗೆ ಹೊರಚಾಚಿದ ಕಬ್ಬಿಣದ ಗ್ರಿಲ್. ಉದ್ದ ಆರಡಿ, ಅಗಲ ಒಂದೂವರೆ ಅಡಿ. ನನ್ನ ತೋಟ ಅಷ್ಟೇ.

ಕೊರೊನಾಕ್ಕೆ ಎರಡು ವರ್ಷ ಮೊದಲು ಮೇ ತಿಂಗಳಲ್ಲಿ ಹದಿನೆಂಟು ದಿನಕ್ಕೆ ಉಡುಪಿಗೆ ಹೋಗಿದ್ದೆ. ಐದು ಕುಂಡ, ಐದು ಸ್ಟೀಲ್ ತಟ್ಟೆ. ಪಕ್ಕದ ಮನೆಯ ಹುಡುಗನಿಗೆ ತಟ್ಟೆಗೆ ನೀರು ಹಾಕುತ್ತಿರು ಅಂತ ಹೇಳಿದ್ದೆ. ಒಳ್ಳೆಯ ಹುಡುಗ, ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸಿದ್ದರೆ ಚೆನ್ನಾಗಿತ್ತು! ನಾನು ವಾಪಸ್ ಬಂದು ಎರಡು ದಿನಕ್ಕೆ ಸೊಳ್ಳೆ ತಪಾಸಣೆಯವರು ಬಂದರು. ಒಬ್ಬರು ಟಾರ್ಚ್ ಬಿಟ್ಟರು, ಇನ್ನೊಬ್ಬರು ತಟ್ಟೆಯ ನೀರನ್ನು ಬಿಳಿ ಸೌಟಿಗೆ ಬಗ್ಗಿಸಿ ನನ್ನ ಮೂಗಿನ ಹತ್ತಿರ ಹಿಡಿದರು. ಕೂದಲೆಳೆಯ ಹಾಗಿನ ಹುಳಗಳು ತಲೆಕೆಳಗಾಗಿ ಕುಣಿಯುತ್ತಿದ್ದವು. ನೋಟಿಸು ಬರೆದು ಕೊಟ್ಟರು. ಅವರು ಮಾಡಿದ್ದು ಸರಿಯೇ. ಡೆಂಗಿ ತರುವ ಈಡಿಸ್ ಸೊಳ್ಳೆ, ನಮ್ಮ ಪಟ್ಟಣದ ಮಲೇರಿಯಾ ತರುವ ಅನಾಫಿಲಿಸ್ ಸ್ಟೀಫನ್ಸಿ ಸೊಳ್ಳೆ, ಎರಡಕ್ಕೂ ಗಟಾರ ಬೇಡ, ತಿಳಿ ನೀರೇ ಬೇಕು. ಮುಂಬೈ ಸೆಕೆಯಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ನಾನು ಹದಿನೆಂಟು ದಿನ ಕೊಟ್ಟಿದ್ದೆ.

ಹಾಗಂತ ಗಿಡದ ಕೆಳಗೆ ನೀರು ಇಡುವುದೇ ತಪ್ಪು ಅಂತಲ್ಲ. ನೀರು ಬಯಲಿಗೆ ಕಾಣಬಾರದು, ಅಷ್ಟೇ ವಿಷಯ. ಊರಲ್ಲಿ ತೆಂಗಿನ ಸಸಿ ನೆಟ್ಟಾಗ ಅಪ್ಪ ಅದರ ಬುಡಕ್ಕೆ ಒಂದು ಹಳೆ ಮಣ್ಣಿನ ಮಡಕೆ ಹೂತು, ನೀರು ತುಂಬಿಸಿ, ಮೇಲೆ ಗೆರಟೆ ಮುಚ್ಚುತ್ತಿದ್ದರು. ಮಣ್ಣು ಒಣಗಿದಷ್ಟು ಮಡಕೆ ಒಸರುತ್ತದೆ. ಈಗ ಜನ ಸೆಲ್ಫ್ ವಾಟರಿಂಗ್, ಅಂದರೆ ತಾನೇ ನೀರು ಎಳೆದುಕೊಳ್ಳುವ ಕುಂಡ, ಅನ್ನುವುದೂ ಅದೇ ಜಾತಿಯದ್ದು. ಅಲ್ಲಿ ನೀರು ಪಕ್ಕದಿಂದ ಒಸರುತ್ತಿತ್ತು, ಇಲ್ಲಿ ಕೆಳಗಿನಿಂದ ಹತ್ತುತ್ತದೆ, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ.

ಅಂಗಡಿಯಲ್ಲಿ ಇಂಥ ಚಂದದ ಕುಂಡಗಳು ಸಿಗುತ್ತವೆ, ಬೆಲೆ ಕೇಳಿ ಕೈಬಿಟ್ಟೆ. ಬಣ್ಣದವನ ಹತ್ತಿರ ಇಪ್ಪತ್ತು ಲೀಟರಿನ ಖಾಲಿ ಬಾಲ್ದಿಗಳನ್ನು ತಂದೆ, ಒಂದು ಗಿಡಕ್ಕೆ ಎರಡರಂತೆ. ಒಂದರೊಳಗೆ ಒಂದು ಕೂರಿಸಿದರೆ ತಳದಲ್ಲಿ ಎರಡು ಮೂರು ಇಂಚು ಜಾಗ ಉಳಿಯುತ್ತದೆ. ಅದೇ ನೀರಿನ ಟಾಂಕಿ. ಒಳಗಿನ ಬಾಲ್ದಿಯ ತಳಕ್ಕೆ ಕಾಯಿಸಿದ ಮೊಳೆಯಿಂದ ಇಪ್ಪತ್ತು ಇಪ್ಪತ್ತೈದು ತೂತು ಹಾಕಿ. ನಡುವೆ ದೊಡ್ಡದೊಂದು ತೂತು ಕೊರೆದು, ಅದಕ್ಕೆ ಮೈಯೆಲ್ಲ ತೂತಿರುವ ಮೊಸರಿನ ಡಬ್ಬಿ ಇಳಿಬಿಡಿ. ಡಬ್ಬಿಗೆ ಗಿಡ ನೆಡುವ ಮಿಶ್ರಣ (ಅದೇನು ಅಂತ ಮುಂದೆ ಹೇಳುತ್ತೇನೆ) ಒತ್ತಿ ತುಂಬಿಸಿ. ಅದು ನೀರಿನಲ್ಲಿ ಕಾಲಿಟ್ಟುಕೊಂಡು ಮೇಲಿನ ಮಣ್ಣಿಗೆಲ್ಲ ನೀರು ಕಳಿಸುತ್ತದೆ. ಮೂಲೆಯಲ್ಲಿ ಒಂದು ಪೈಪು ನೇರ ಟಾಂಕಿಗೆ, ನೀರು ಸುರಿಯಲು. ಪೈಪಿನ ಅಡಿ ಓರೆಯಾಗಿ ಕತ್ತರಿಸಿ, ಇಲ್ಲದಿದ್ದರೆ ತಳಕ್ಕೆ ಅಂಟಿಕೊಂಡು ನೀರು ಇಳಿಯುವುದಿಲ್ಲ.

ಇನ್ನು ಬಹಳ ಮುಖ್ಯವಾದ ತೂತು. ಅದು ಹೊರಗಿನ ಬಾಲ್ದಿಯ ಪಕ್ಕಕ್ಕೆ, ಒಳಗಿನ ಬಾಲ್ದಿಯ ತಳಕ್ಕಿಂತ ಬೆರಳಗಲ ಕೆಳಗೆ ಇರಬೇಕು. ಹೆಚ್ಚಾದ ನೀರು ಅಲ್ಲಿಂದ ಹೊರಗೆ ಬರುತ್ತದೆ. ಜುಲೈ ಮಳೆಯಲ್ಲಿ ಈ ತೂತು ಇಲ್ಲದಿದ್ದರೆ ಬೇರು ಉಸಿರುಗಟ್ಟಿ ಸಾಯುತ್ತದೆ. ತೂತಿಗೂ ಪೈಪಿನ ಬಾಯಿಗೂ ಹಳೆ ಸೊಳ್ಳೆಪರದೆಯ ತುಂಡು ಕಟ್ಟಿದ್ದೇನೆ, ಪೈಪಿಗೆ ರಬ್ಬರ್ ಬ್ಯಾಂಡು, ತೂತಿಗೆ ಎಂಸೀಲ್ ಅಂಟು. ಬಾಲ್ದಿಗಳ ಅಂಚು ಬಿಗಿಯಾಗಿ ಕೂತಿರಬೇಕು. ಆಮೇಲೂ ಆ ಸೌಟಿನವರು ಬಂದಿದ್ದಾರೆ. ಪರದೆಯನ್ನು ಎಳೆದು ನೋಡಿ ಹೋದರು.

ಮೊದಲ ಸಲ ನಾನು ಮಾಡಿದ ಮೂರ್ಖತನವನ್ನೂ ಹೇಳಬೇಕು. ಊರ ಗದ್ದೆಯ ಮಣ್ಣೇ ಶ್ರೇಷ್ಠ ಅಂತ ಒಂದು ಚೀಲ ಮಣ್ಣನ್ನು ಮತ್ಸ್ಯಗಂಧಾ ರೈಲಿನಲ್ಲಿ ಹೊತ್ತು ತಂದೆ. ಕುರ್ಲಾದಲ್ಲಿ ಇಳಿಸುವಾಗ ಕೂಲಿಯವನು ಚೀಲ ಮುಟ್ಟಿ ನೋಡಿ ನನ್ನ ಮುಖ ನೋಡಿದ. ಆ ಮಣ್ಣು ಎರಡೇ ವಾರದಲ್ಲಿ ಕೆಸರು ಮುದ್ದೆಯಾಗಿ, ನಾತ ಬಂದು, ಗಿಡ ಕೊಳೆಯಿತು. ಇಂಥ ಬಾಲ್ದಿಗೆ ಗಾಳಿ ಆಡುವ ಹಗುರ ಮಿಶ್ರಣ ಬೇಕು. ಈಗ ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿ ಐದು ಕಿಲೋದ ಇಟ್ಟಿಗೆಯಾಗಿ ಬರುತ್ತದೆ, ನೆನೆಹಾಕಿದರೆ ಮೂರು ಬಾಲ್ದಿ ಆಗುತ್ತದೆ. ಉಪ್ಪಿನಂಶ ಹೋಗಲು ಒಮ್ಮೆ ತೊಳೆಯಬೇಕು. ಊರಲ್ಲಿ ಬಚ್ಚಲ ಒಲೆಗೆ ತುರುಕುತ್ತಿದ್ದ ಸಿಪ್ಪೆಯನ್ನು ಇಲ್ಲಿ ದುಡ್ಡು ಕೊಟ್ಟು ತರುವುದು, ನೋಡಿ.

ಎಲ್ಲ ಗಿಡಕ್ಕೂ ಇದು ಆಗುವುದಿಲ್ಲ. ದೊಡ್ಡಪತ್ರೆ ಹಾಕಿದೆ, ಬುಡ ಕಪ್ಪಾಗಿ ಸತ್ತಿತು. ಅದಕ್ಕೆ ಒಣಗಲು ಬಿಡಬೇಕು, ಹಳೆ ಮಣ್ಣಿನ ಕುಂಡವೇ ಲಾಯಕ್ಕು. ಮೆಣಸು, ಬದನೆ ಚೆನ್ನಾಗಿ ಬಂದವು. ಆದರೆ ಈ ಬಾಲ್ದಿಗೆ ಅಂತಲೇ ಹುಟ್ಟಿದ ಹಾಗಿರುವುದು ಬಸಳೆ. ಅದು ನೀರಿನ ಪಿಶಾಚಿ. ಗೇಣುದ್ದದ ದಂಟು ಚುಚ್ಚಿದ್ದೆ, ಎರಡು ತಿಂಗಳಿಗೆ ಗ್ರಿಲ್ ಮುಚ್ಚಿಹೋಯಿತು. ಮನೆಯೊಳಗೆ ಕತ್ತಲೆ ಅಂತ ಹೆಂಡತಿಯ ದೂರು.

ಇಲ್ಲಿಯ ಮಾರ್ಕೆಟ್‌ನಲ್ಲಿ ಬಸಳೆಗೆ ಮಾಯಾಳು ಅನ್ನುತ್ತಾರೆ. ಭಜಿ ಮಾಡಲು ಎಲೆ ನೋಡಿ ತಗೊಳ್ಳುತ್ತಾರೆ. ನಮಗೆ ಬೇಕಾದದ್ದು ದಂಟು, ಅಲ್ವಾ? ಬೆರಳು ದಪ್ಪದ ದಂಟು, ಉಗುರು ಒತ್ತಿದರೆ ಒಳಗಿಳಿಯಬೇಕು. ಅದನ್ನು ಎರಡಿಂಚಿನ ತುಂಡು ಮಾಡಿ, ಜಜ್ಜಿದ ಹಲಸಿನ ಬೀಜದ ಜೊತೆ ಮೊದಲು ಬೇಯಲು ಇಡಬೇಕು. ಎಲೆ ಆಮೇಲೆ. ಹುರಿದ ಬ್ಯಾಡಗಿ ಮೆಣಸು, ಕೊತ್ತಂಬರಿ, ಚಿಟಿಕೆ ಮೆಂತೆ, ತೆಂಗಿನಕಾಯಿ, ಹುಣಸೆ ಸೇರಿಸಿ ರುಬ್ಬಿ ಹಾಕಿ ಕುದಿಸಿ. ಮೇಲೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ, ಕೆಂಪಗೆ ಆಗುವ ತನಕ. ತೆಂಗಿನೆಣ್ಣೆಯಲ್ಲೇ ಹಾಕಬೇಕು. ಈ ಕೊದ್ದೆಲ್ (ನಮ್ಮ ಕಡೆಯ ಸಾಂಬಾರು) ಮಾಡಿದ ದಿನ ತಿನ್ನಬೇಡಿ, ಮರುದಿನ ಬೆಳಿಗ್ಗೆ ದೋಸೆಗೆ ತಿನ್ನಿ. ಒಣ ಸಿಗಡಿ ಹಾಕುವವರು ಹಾಕಲಿ, ನಮ್ಮಲ್ಲಿ ಅದು ಬುಧವಾರ ಮಾತ್ರ. ಚಿಗುರೆಲೆಯೆಲ್ಲ ಎದುರುಮನೆಯ ಮರಾಠಿ ತಾಯಿಗೆ. ಭಜಿಯ ಒಂದು ತಟ್ಟೆ ವಾಪಸ್ ಬರುತ್ತದೆ.

ಮೂರು ಬಾಲ್ದಿ ಬಸಳೆಯಿಂದ ಹತ್ತು ದಿನಕ್ಕೊಮ್ಮೆ ಒಂದು ಪದಾರ್ಥ. ತರಕಾರಿ ಖರ್ಚು ಉಳಿಯಿತು ಅಂತ ಸುಳ್ಳು ಹೇಳುವುದಿಲ್ಲ. ನೀರು ಮಾತ್ರ ಖಂಡಿತ ಉಳಿಯಿತು. 2024ರ ಜೂನ್‌ನಲ್ಲಿ ಕೆರೆಗಳು ತಳ ಕಂಡು ಪಾಲಿಕೆ ನೂರಕ್ಕೆ ಹತ್ತರಷ್ಟು ನೀರು ಕಡಿತ ಮಾಡಿದಾಗ, ಅಕ್ಕಿ ತೊಳೆದ ನೀರಷ್ಟನ್ನೇ ಪೈಪಿಗೆ ಸೋಸಿ ಹಾಕಿ ಗಿಡ ಉಳಿಸಿಕೊಂಡೆ. ಮೇಲಿನಿಂದ ಸುರಿಯುತ್ತಿದ್ದ ಕಾಲದಲ್ಲಿ ಅರ್ಧ ನೀರು ಕೆಳಗಿನ ಮನೆಯವರ ಬಟ್ಟೆಗೆ ಹೋಗುತ್ತಿತ್ತು. ಆದರೂ ತಿಂಗಳಿಗೊಮ್ಮೆ ಮೇಲಿನಿಂದ ಎರಡು ಚೊಂಬು ಹಾಕಲೇಬೇಕು. ನೀರು ಕೆಳಗಿನಿಂದ ಹತ್ತುವಾಗ ಉಪ್ಪನ್ನೂ ತಂದು ಮಣ್ಣಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಬಟ್ಟೆ ಒಣಗಿಸದ ಹೊತ್ತು ನೋಡಿ ಹಾಕಿ. ನೆನೆದ ಬಾಲ್ದಿ ಒಂದೊಂದು ಇಪ್ಪತ್ತು ಕಿಲೋ ತೂಗುತ್ತದೆ. ಗ್ರಿಲ್ ತುಕ್ಕು ಹಿಡಿದಿದ್ದರೆ ಈ ಸಾಹಸವೇ ಬೇಡ.

ಇನ್ನು ರಜೆಯ ವಿಷಯ. ಒಂದು ಟಾಂಕಿಗೆ ಹಿಡಿಯುವುದು ಮೂರೂವರೆ ಲೀಟರ್. ತುಂಬಿ ನಿಂತ ಬಸಳೆ ಏಪ್ರಿಲ್ ಬಿಸಿಲಲ್ಲಿ ಅದನ್ನು ಮೂರೇ ದಿನಕ್ಕೆ ಕುಡಿದು ಮುಗಿಸುತ್ತದೆ. ಆದ್ದರಿಂದ ಹೊರಡುವ ಮುನ್ನಾದಿನ ಬಳ್ಳಿಯನ್ನು ಒಂದಡಿ ಬಿಟ್ಟು ಕತ್ತರಿಸಿಬಿಡುತ್ತೇನೆ. ಎಲೆ ಇಲ್ಲದಿದ್ದರೆ ಬಾಯಾರಿಕೆಯೂ ಇಲ್ಲ, ಒಂದು ವಾರ ತಡೆಯುತ್ತದೆ. ಪಕ್ಕದ ಹುಡುಗ ಈಗ ಕಾಲೇಜು ಸೇರಿದ್ದಾನೆ. ವಾರಕ್ಕೊಮ್ಮೆ ಪೈಪಿಗೆ ನೀರು ಸುರಿದು, ಪಕ್ಕದ ತೂತಿನಿಂದ ತೊಟ್ಟಿಕ್ಕಿದ ಕೂಡಲೇ ನಿಲ್ಲಿಸು ಅಂತ ಹೇಳಿದ್ದೇನೆ. ಕತ್ತರಿಸಿದ ಬಳ್ಳಿಯ ಕೊದ್ದೆಲ್ ಅವನ ಮನೆಗೂ ಹೋಗುತ್ತದೆ.

ಜನ ಊರಿಗೆ ಹೊರಡುವ ಮೊದಲು ಆ ತಟ್ಟೆಯ ಸಾಲಿಗೆ ಒಂದು ತಿದ್ದುಪಡಿ ಹಾಕಿ. ನನ್ನ ಟಿಕೆಟ್ ಮೇ 9ಕ್ಕೆ, ಇನ್ನೂ ವೇಟಿಂಗ್ 14ರಲ್ಲಿದೆ.

ಇಂತಿ,
ನಿಮ್ಮ ಹಳೆಯ ಓದುಗ
ಭಾಂಡುಪ್ ಪಶ್ಚಿಮ, ಮುಂಬೈ