ಹೆಂಪ್ ಮಿಠಾಯಿ: ರಾಜ್ಯಕ್ಕೊಂದು ಕಾನೂನು

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಹೆಂಪ್‌ನಿಂದ ತಯಾರಾಗುವ ಟಿಎಚ್‌ಸಿ (ಗಾಂಜಾ ಗಿಡದಲ್ಲಿರುವ, ಅಮಲು ತರುವ ರಾಸಾಯನಿಕ) ಉತ್ಪನ್ನಗಳ ಕುರಿತ ಗೊಂದಲದ ಬೇರು 2018ರ ಕೃಷಿ ಕಾಯ್ದೆಯಲ್ಲಿದೆ. ಒಣ ತೂಕದಲ್ಲಿ, ಈ ರಾಸಾಯನಿಕದ ಮುಖ್ಯ ರೂಪವಾದ ಡೆಲ್ಟಾ-9 ಟಿಎಚ್‌ಸಿ ಶೇ 0.3ನ್ನು ಮೀರದ ಗಾಂಜಾ ಗಿಡವನ್ನು ಆ ಕಾಯ್ದೆ ‘ಹೆಂಪ್’ ಎಂದು ಕರೆದು, ನಿಯಂತ್ರಿತ ಮಾದಕವಸ್ತುಗಳ ಪಟ್ಟಿಯಿಂದ ಕೈಬಿಟ್ಟಿತು. ಗಿಡಕ್ಕೆಂದು ಇಟ್ಟ ಈ ಅಳತೆಯನ್ನು ಮಿಠಾಯಿಗೆ ಅನ್ವಯಿಸಿದರೆ, 5 ಗ್ರಾಂ ತೂಗುವ ಒಂದೇ ಒಂದು ಗಮ್ಮಿಯಲ್ಲಿ (ಅಗಿಯುವ ಜೆಲ್ಲಿ ಮಿಠಾಯಿ) 15 ಮಿಲಿಗ್ರಾಂ ಟಿಎಚ್‌ಸಿ ಇದ್ದರೂ ಅದು ಮಿತಿಯೊಳಗೇ ಉಳಿಯುತ್ತದೆ. ಮಿನ್ನೆಸೋಟ ರಾಜ್ಯವು 2022ರಲ್ಲಿ ಒಂದು ಬಾರಿಯ ಸೇವನೆಗೆ ನಿಗದಿಪಡಿಸಿದ್ದು 5 ಮಿಲಿಗ್ರಾಂ ಮಾತ್ರ, ಅದೂ 21 ವರ್ಷ ತುಂಬಿದವರಿಗೆ. ಟೆಕ್ಸಾಸ್‌ನಲ್ಲಾದರೋ, 2025ರಲ್ಲಿ ಶಾಸನಸಭೆ ಅಂಗೀಕರಿಸಿದ ನಿಷೇಧ ಮಸೂದೆಯನ್ನು ಗವರ್ನರ್ ಗ್ರೆಗ್ ಅಬಾಟ್ ವೀಟೊ ಚಲಾಯಿಸಿ ತಳ್ಳಿಹಾಕಿದರು.

ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದ ಕಾಂಗ್ರೆಸ್, ಮಾರಾಟದ ಪ್ರತಿ ಪೊಟ್ಟಣಕ್ಕೆ ಒಟ್ಟು 0.4 ಮಿಲಿಗ್ರಾಂ ಟಿಎಚ್‌ಸಿ ಎಂಬ ಮಿತಿಯನ್ನು, ಒಂದು ವರ್ಷದ ನಂತರ ಜಾರಿಯಾಗುವಂತೆ ವಿಧಿಸಿತು. ಉದ್ದೇಶ ಒಳ್ಳೆಯದೇ, ಆದರೆ ಮಿನ್ನೆಸೋಟದಂತೆ ವಯಸ್ಸು, ಪ್ರಮಾಣಗಳನ್ನು ಗೊತ್ತುಪಡಿಸಿ ವ್ಯವಸ್ಥೆ ಕಟ್ಟಿಕೊಂಡ ರಾಜ್ಯಗಳ ಶ್ರಮವನ್ನೂ ಇದು ಒಂದೇ ಏಟಿಗೆ ಅಳಿಸಿಹಾಕುತ್ತದೆ ಎಂಬುದು ನನ್ನ ಆತಂಕ. ಮಕ್ಕಳ ಚಾಕೊಲೇಟಿನಂತೆ ಕಾಣುವ ಬಣ್ಣದ ಪೊಟ್ಟಣಗಳನ್ನು ಮೊದಲು ಅಂಗಡಿಯಿಂದ ತೆಗೆಸಬೇಕು. ಪ್ರಯೋಗಾಲಯದ ಪರೀಕ್ಷೆಯಿಲ್ಲದೆ, ರಾಸಾಯನಿಕವಾಗಿ ತಯಾರಿಸಿದ ಡೆಲ್ಟಾ-8ರಂಥ ಟಿಎಚ್‌ಸಿಯ ಇತರ ರೂಪಗಳು ಮಾರಾಟವಾಗಲೇಬಾರದು.

ಇಂತಿ,
ನಿಮ್ಮ ಓದುಗ