ಸೈನಿಕರ ಕಾದಂಬರಿ ಬರೆಯುವವರು ಒಮ್ಮೆ ಬೆಳಗಾವಿಗೆ ಬನ್ನಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬರುತ್ತಿರುವ ಸೈನ್ಯದ ಧಾರಾವಾಹಿಯನ್ನು ಒಂದು ವಾರವೂ ಬಿಡದೆ ಓದುತ್ತಿದ್ದೇನೆ. ಉಗ್ರರು, ಕಮಾಂಡೊಗಳು, ದೆಹಲಿಯ ಮಂತ್ರಿಗಳು ಎಲ್ಲ ಇರುವ ಇಂಥ ಕಾದಂಬರಿಗಳು ಕನ್ನಡದಲ್ಲಿ ಇನ್ನೂ ಜಾಸ್ತಿ ಬರಲಿ. ಆದರೆ ಬರೆಯುವವರು ಗುಂಡಿನ ಸದ್ದನ್ನಷ್ಟೇ ಬರೆಯುತ್ತಿದ್ದಾರೆ. ಹುಡುಗರು ಬಂದೂಕು ಯಾಕೆ ಹಿಡಿದರು, ಕೆಳಗಿಟ್ಟ ಮೇಲೆ ಏನಾಯಿತು ಅನ್ನುವುದು ಎಲ್ಲೂ ಇಲ್ಲ.

ನಮ್ಮ ಮನೆಯವರು ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. 1922ರಿಂದ ಆ ರೆಜಿಮೆಂಟಿನ ಕೇಂದ್ರ ಬೆಳಗಾವಿಯಲ್ಲೇ ಇದೆ. ಅವರಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ, ನಾನೇ ಓದಿ ಹೇಳುತ್ತೇನೆ. ಕಳೆದ ವಾರದ ಕಂತಿನಲ್ಲಿ ಮೇಜರ್ ಒಬ್ಬನೇ ಕಾಡಿಗೆ ಹೋಗುತ್ತಾನೆ, ಒಬ್ಬ ಹುಡುಗನನ್ನು ಹಿಡಿದು ಹೊಡೆದು ಬಾಯಿಬಿಡಿಸುತ್ತಾನೆ, ಬೆಳಗಾಗುವುದರೊಳಗೆ ಉಗ್ರರ ನೆಲೆ ಬೂದಿ. ಇವರು ಅಲ್ಲೇ ತಡೆದರು. "ಮೇಜರ್ ಸಾಹೇಬ್ರು ಒಬ್ಬರ ಹೋಗ್ತಾರೇನು? ಸೆಕ್ಷನ್ನಿನ ಹತ್ತು ಮಂದಿ ಎಲ್ಲಿ ಹೋದ್ರು? ಹಿಡದಾಂವನ್ನ ಠಾಣೆಗೆ ಕೊಡೂದಿಲ್ಲೇನು?"

ಅವರು ಕೇಳಿದ್ದು ಸರಿ. ಬಂಡಾಯದ ಪ್ರದೇಶಗಳಲ್ಲಿ ಸೈನ್ಯಕ್ಕೆ ಹೆಚ್ಚಿನ ಅಧಿಕಾರ ಕೊಡುವ 1958ರ ವಿಶೇಷಾಧಿಕಾರ ಕಾಯ್ದೆಯೇ, ಹಿಡಿದವನನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಬೇಕು ಎನ್ನುತ್ತದೆ. ಎಲ್ಲ ಕಡೆ ಹಾಗೇ ನಡೆದಿದೆ ಎಂದು ನಾನು ಹೇಳಲಾರೆ. 2004ರಲ್ಲಿ ಅಸ್ಸಾಂ ರೈಫಲ್ಸ್‌ನವರು ಹಿಡಿದೊಯ್ದ ಒಬ್ಬ ಯುವತಿ ಶವವಾಗಿ ಸಿಕ್ಕಾಗ, ಮಣಿಪುರದ ತಾಯಂದಿರು ಇಂಫಾಲದ ಕಾಂಗ್ಲಾ ಕೋಟೆಯ ಮುಂದೆ ಬೆತ್ತಲೆಯಾಗಿ ನಿಂತು ಪ್ರತಿಭಟಿಸಿದರು. ಸೈನಿಕನ ಹೆಂಡತಿಯಾಗಿ ಇದನ್ನು ಬರೆಯುವುದು ಸುಲಭವಲ್ಲ. ಆದರೂ ಬರೆಯಬೇಕು. ಹುಡುಗನನ್ನು ಹೊಡೆಯುವುದನ್ನೇ ಶೌರ್ಯ ಎಂದು ತೋರಿಸಿದರೆ, ನಿಯಮ ಪಾಲಿಸಿದ ಸಾವಿರಾರು ಜವಾನರಿಗೆ ಅದು ಅವಮಾನ.

ನಮ್ಮ ಮನೆಯವರ ದಿನಗಳಲ್ಲಿ ಹೆಚ್ಚಿನವು ಹೋಗಿದ್ದು ರಸ್ತೆ ಕಾಯುವುದರಲ್ಲಿ. ಅದನ್ನು ಅವರು ಆರ್‌ಓಪಿ ಅನ್ನುತ್ತಾರೆ. ಗಾಡಿಗಳ ಸಾಲು ಹೊರಡುವ ಮೊದಲು, ನಸುಕಿನಲ್ಲೇ ರಸ್ತೆಯ ಎರಡೂ ಬದಿ ನಡೆದು, ಒಂದೊಂದು ಮೋರಿಯ ಕೆಳಗೆ ಬಗ್ಗಿ ಬಾಂಬ್ ಇದೆಯೇ ಎಂದು ನೋಡಬೇಕು. ಆಮೇಲೆ ಕೊನೆಯ ಗಾಡಿ ದಾಟುವತನಕ ಅಲ್ಲೇ ಕೂರಬೇಕು. ಏನೂ ಆಗದ ದಿನವೂ ಎದೆ ಹೊಡೆದುಕೊಳ್ಳುತ್ತಿತ್ತಂತೆ. ಆ ಭಯವನ್ನು ಯಾವ ಕಾದಂಬರಿಯಲ್ಲೂ ನಾನು ಓದಿಲ್ಲ.

ರಾಜಕೀಯ ಬೇಕೆಂದರೆ ಮಿಜೋರಾಂ ಕತೆ ನೋಡಿ. 1959ರಲ್ಲಿ ಅಲ್ಲಿ ಬಿದಿರು ಹೂಬಿಟ್ಟಿತು. ಬಿದಿರಕ್ಕಿ ತಿಂದು ಇಲಿಗಳು ಹೆಚ್ಚಿದವು, ಆಮೇಲೆ ಹೊಲದ ಭತ್ತಕ್ಕೆ ನುಗ್ಗಿದವು, ಬರ ಬಿತ್ತು. ಸರ್ಕಾರ ಸಮಯಕ್ಕೆ ನೆರವಾಗಲಿಲ್ಲ ಅನ್ನುವ ಸಿಟ್ಟು ಬೆಳೆಯಿತು. ಬರ ಪರಿಹಾರಕ್ಕೆ ಹುಟ್ಟಿದ ಸಂಘಟನೆಯೇ 1961ರಲ್ಲಿ ಮಿಜೊ ನ್ಯಾಷನಲ್ ಫ್ರಂಟ್ ಆಯಿತು. 1966ರ ಫೆಬ್ರುವರಿ ಕೊನೆಯಲ್ಲಿ ದಂಗೆ ಎದ್ದಿತು. ಮಾರ್ಚ್‌ನಲ್ಲಿ ನಮ್ಮದೇ ವಾಯುಪಡೆ ಐಜಾಲ್ ಮೇಲೆ ದಾಳಿ ಮಾಡಿತು. ಬೆಟ್ಟದ ಊರುಗಳನ್ನು ಖಾಲಿ ಮಾಡಿಸಿ ಜನರನ್ನು ರಸ್ತೆ ಬದಿಯ ಕಾವಲು ಊರುಗಳಿಗೆ ತಂದರು. ನಮ್ಮ ಮನೆಯವರು ಮಿಜೋರಾಂನ ವೈರೆಂಗ್ಟೆಯ ಕಾಡುಯುದ್ಧದ ಶಾಲೆಗೆ ತರಬೇತಿಗೆ ಹೋಗಿದ್ದಾಗ, ಊರು ಬಿಟ್ಟು ಬಂದ ಆ ದಿನವನ್ನು ಒಬ್ಬ ಅಜ್ಜ ಹರಕುಮುರುಕು ಹಿಂದಿಯಲ್ಲಿ ಹೇಳಿದ್ದರಂತೆ. ಹೇಳಿ, ಇವರಿಗೇ ಚಹಾ ಕೊಟ್ಟರಂತೆ. ಇವರು ಇವತ್ತಿಗೂ ಆ ಅಜ್ಜನ ಮಾತು ತೆಗೆಯುತ್ತಾರೆ. 1986ರ ಜೂನ್ 30ರಂದು ಒಪ್ಪಂದಕ್ಕೆ ಸಹಿ ಬಿತ್ತು. ಭಾರತದಿಂದ ಬೇರೆಯಾಗುತ್ತೇವೆ ಎಂದು ಘೋಷಿಸಿದ್ದ ಫ್ರಂಟಿನ ನಾಯಕ ಲಾಲ್ಡೆಂಗಾ ಅದೇ ವರ್ಷ ಮುಖ್ಯಮಂತ್ರಿಯಾದರು. ಇಲಿಯಿಂದ ಶುರುವಾಗಿ ವಿಧಾನಸಭೆಗೆ ಬಂದು ಮುಟ್ಟುವ ಇಂಥ ಕತೆ ಇರುವಾಗ, ಮೇಜರ್ ಒಬ್ಬನೇ ಕಾಡಿಗೆ ಹೋಗುವುದನ್ನು ಯಾಕೆ ಬರೆಯಬೇಕು?

ಹಾಗಂತ 2008ರಲ್ಲಿ ಸಮುದ್ರದ ಮೇಲೆ ಮುಂಬೈಗೆ ಬಂದ ಹತ್ತು ಜನಕ್ಕೂ ಮಿಜೊ ಹುಡುಗರಿಗೂ ಒಂದೇ ಮುಖ ಹಚ್ಚಬೇಡಿ. ಅಲ್ಲೂ ದೊಡ್ಡ ಕೆಲಸ ಮಾಡಿದ್ದು ಒಬ್ಬ ಎಎಸ್‌ಐ, ಅಂದರೆ ಪೊಲೀಸ್ ಸಹಾಯಕ ಸಬ್ ಇನ್‌ಸ್ಪೆಕ್ಟರ್. ತುಕಾರಾಮ್ ಓಂಬ್ಳೆ ಬಂದೂಕಿನ ನಳಿಕೆಯನ್ನು ಬರಿಗೈಯಲ್ಲಿ ಹಿಡಿದು ಪ್ರಾಣ ಕೊಟ್ಟರು. ಅದರಿಂದ ಕಸಬ್ ಜೀವಂತ ಸಿಕ್ಕ, ಸಂಚು ಕೋರ್ಟಿನಲ್ಲಿ ಬಯಲಾಯಿತು.

ಇನ್ನು ನಮ್ಮಂಥ ಹೆಂಗಸರು. ಕಾದಂಬರಿಯಲ್ಲಿ ನಾವು ಮೊದಲ ಅಧ್ಯಾಯದಲ್ಲಿ ಅಳುತ್ತೇವೆ, ಕೊನೆಯಲ್ಲಿ ಅಳುತ್ತೇವೆ. ನಡುವೆ ಸೊಸೈಟಿ ಸಾಲ ಕಟ್ಟಿದವರು ಯಾರು, ಕಬ್ಬು ಕಡಿಸಿ ಫ್ಯಾಕ್ಟರಿಗೆ ಕಳಿಸಿದವರು ಯಾರು? ನಾನು ಬರೆಯುತ್ತಿದ್ದ ಕಾಗದದ ಮೇಲೆ ಊರಿನ ಹೆಸರೇ ಇರುತ್ತಿರಲಿಲ್ಲ, ಸೈನ್ಯದ ಅಂಚೆ ಕಚೇರಿಯ (ಎಪಿಒ) ನಂಬರ್ ಅಷ್ಟೇ. ಉತ್ತರದ ಕಡೆ ಇದ್ದಾಗ 56 ಎಪಿಒ, ಈಶಾನ್ಯದಲ್ಲಿದ್ದಾಗ 99 ಎಪಿಒ. ನಂಬರ್ ಬದಲಾದಾಗ ಅತ್ತೆಗೆ ಹೇಳುತ್ತಿರಲಿಲ್ಲ.

ಇದನ್ನೆಲ್ಲ ತಿಳಿಯಲು ಲೇಖಕರು ದೆಹಲಿಗೆ ಹೋಗಬೇಕಿಲ್ಲ. ಬೆಳಗಾವಿಯ ಕ್ಯಾಂಪಿಗೆ ಬಂದು, ಮಿಲಿಟರಿ ಕ್ಯಾಂಟೀನಿನ ಸಾಲಿನಲ್ಲಿ ನಿಂತ ಮಾಜಿ ಸೈನಿಕರನ್ನು ಮಾತಾಡಿಸಿ. ಗುಟ್ಟಿನ ವಿಷಯ ಹೇಳುವುದಿಲ್ಲ, ಉಳಿದದ್ದೆಲ್ಲ ಹೇಳುತ್ತಾರೆ. ಪಕ್ಕದಲ್ಲಿ ಚೀಲ ಹಿಡಿದು ನಿಂತ ಹೆಂಗಸರನ್ನೂ ಕೇಳಿ. ಸಂಪಾದಕರೇ, ಮುಂದಿನ ಧಾರಾವಾಹಿಯ ಹಸ್ತಪ್ರತಿಯನ್ನು ಅಚ್ಚಿಗೆ ಕೊಡುವ ಮೊದಲು ಒಬ್ಬ ಮಾಜಿ ಹವಾಲ್ದಾರರಿಗೆ ಓದಿಸಿ. ನಮ್ಮ ಮನೆಯವರು ತಯಾರಿದ್ದಾರೆ, ಓದಿ ಹೇಳಲು ನಾನಿದ್ದೇನೆ.

ಇಂತಿ,
ಒಬ್ಬ ಮಾಜಿ ಸೈನಿಕರ ಪತ್ನಿ
ಬೈಲಹೊಂಗಲ ತಾಲ್ಲೂಕು, ಬೆಳಗಾವಿ ಜಿಲ್ಲೆ