ಹನುಮನಗುಂಡಿಯ ಮೆಟ್ಟಿಲಲ್ಲಿ ಸಿಕ್ಕ ಅಣ್ಣನಿಗೆ ಥ್ಯಾಂಕ್ಸ್

ಕುದುರೆಮುಖ ರಾಷ್ಟ್ರೀಯ ಉದ್ಯಾನದ ಭಗವತಿ ಕ್ಯಾಂಪ್‌ನ ಟೆಂಟಲ್ಲಿ ಉಳಿದು, ಕದಂಬಿ ಫಾಲ್ಸ್ ನೋಡಿಕೊಂಡು ನಾವು ಗೆಳೆಯರೆಲ್ಲ ಹನುಮನಗುಂಡಿ ಫಾಲ್ಸ್‌ಗೆ ಇಳಿದಿದ್ದೆವು. ಅಲ್ಲಿ ಇಳಿಯೋದು ಸುಲಭ, ಹತ್ತೋದೇ ಕಷ್ಟ ಅಲ್ವಾ? ವಾಪಸ್ ಬರುವಾಗ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಗೆಳತಿ ಜಾರಿದಳು. ಪಾದ ಊರೋಕೇ ಆಗಲಿಲ್ಲ. ಮೊಬೈಲ್‌ಗೆ ಸಿಗ್ನಲ್ ಇಲ್ಲ, ಮೇಲಿಂದ ಜಿಟಿಜಿಟಿ ಮಳೆ, ಸಾಲದ್ದಕ್ಕೆ ರಕ್ತ ಹೀರೋ ಇಂಬಳ.

ಆಗ ಮೇಲಿಂದ ಬಂದರು ಫಾರೆಸ್ಟ್ ವಾಚರ್ ಒಬ್ಬರು. ಜಾಸ್ತಿ ಮಾತಿಲ್ಲ. "ಹೆದರ್ಬೇಡಿ ಮಾರಾಯ್ರೆ" ಅಂತ ಪಕ್ಕದಲ್ಲೇ ಕೂತು, ಹೆಗಲ ಮೇಲಿದ್ದ ಟವೆಲ್ ಹಿಂಡಿ ಅವಳ ಪಾದಕ್ಕೆ ಬಿಗಿಯಾಗಿ ಸುತ್ತಿದರು, ಕಾಲಿಗೆ ಹತ್ತಿದ್ದ ಇಂಬಳಕ್ಕೆ ಜೇಬಿನ ಡಬ್ಬಿಯಿಂದ ಸುಣ್ಣ ತೆಗೆದು ಹಚ್ಚಿದರು, ಆಮೇಲೆ ತಮ್ಮ ದೊಣ್ಣೆಯನ್ನೇ ಅವಳ ಕೈಗೆ ಕೊಟ್ಟು, ತಾವು ಒಂದು ಮೆಟ್ಟಿಲು ಕೆಳಗೆ ನಿಂತು, ಸುಸ್ತಾದಲ್ಲೆಲ್ಲ ಕೂರಿಸಿ ಕೂರಿಸಿ ರಸ್ತೆಯವರೆಗೂ ಹತ್ತಿಸಿದರು. ಕಾರು ಕಂಡಾಗ ನಮಗೆಲ್ಲ ಹೋದ ಜೀವ ಬಂದಂತಾಯಿತು. ದುಡ್ಡು ಕೊಡೋಕೆ ಹೋದರೆ ಕೈ ಹಿಂದೆ ಕಟ್ಟಿಕೊಂಡು ನಕ್ಕರು.

ಅಣ್ಣಾ, ಮೂಳೆಗೆ ಏನೂ ಆಗಿಲ್ಲ, ಬರೀ ಉಳುಕು. ನಿಮ್ಮ ಟವೆಲ್ ನಮ್ಮ ಹತ್ತಿರವೇ ಉಳಿದಿದೆ. ಒಗೆದು ಟಿಕೆಟ್ ಕೌಂಟರಿಗೆ ಕಳಿಸುತ್ತೇವೆ, ಕೇಳಿ ತೆಗೆದುಕೊಳ್ಳಿ.